ಮಣ್ಣಿನ ಕಪ್ಪಿನಲ್ಲಿ ಚಹಾ ಕುಡಿದ ಬೌಲರ್: ಬಾಳೂ ಕತೆಯನ್ನು ಮಕ್ಕಳಿಗೆ ಹೇಳುವುದು ಹೇಗೆ?

ಶಾಲೆಯಲ್ಲಿ ಕ್ರೀಡಾ ದಿನ ಬಂತೆಂದರೆ ಮಕ್ಕಳಿಗೆ ಹೇಳುವ ಕತೆ ಹೆಚ್ಚುಕಡಿಮೆ ಒಂದೇ. ಬಡವರ ಮನೆ ಹುಡುಗ, ಕಾಲಿಗೆ ಚಪ್ಪಲಿ ಇಲ್ಲ, ಕಷ್ಟಪಟ್ಟ, ಗೆದ್ದ, ಊರೆಲ್ಲ ಚಪ್ಪಾಳೆ ತಟ್ಟಿತು. ಮಕ್ಕಳೂ ಚಪ್ಪಾಳೆ ತಟ್ಟುತ್ತಾರೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯುತ್ತದೆ. ಕತೆ ಅಲ್ಲಿಗೆ ಮುಗಿಯಿತು.

ನಾವು ಇವತ್ತು ಬರೆಯುತ್ತಿರುವುದು ಅಷ್ಟು ಸಲೀಸಾಗಿ ಮುಗಿಯದ ಕತೆ. ಈ ಕತೆಯ ನಾಯಕ ಗೆಲ್ಲುತ್ತಾನೆ, ಒಂದಲ್ಲ, ಹತ್ತಾರು ಸಲ. ಆದರೆ ಗೆದ್ದ ಮೇಲೂ ಅವನಿಗೆ ಸಿಗಬೇಕಾದ್ದು ಸಿಗುವುದಿಲ್ಲ. ಹೆಸರು ಪಾಲವಣಕರ್ ಬಾಳೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1875-76ರ ಸುಮಾರಿಗೆ. ಆಗ ಧಾರವಾಡ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಮನೆತನದ ಮೂಲ ಕೊಂಕಣದ ಪಾಲವಣ ಅನ್ನುವ ಹಳ್ಳಿ, ಅದಕ್ಕೇ ಪಾಲವಣಕರ್. ತಂದೆಗೆ ಸೈನ್ಯದ ಕಡೆ ಕೆಲಸ. ಆ ಕೆಲಸದ ಹಿಂದೆ ಕುಟುಂಬ ಪುಣೆಗೆ ಹೋಯಿತು. ಬಾಳೂ ಬೆಳೆದದ್ದೆಲ್ಲ ಅಲ್ಲೇ.

ಬಾಳೂ ಅನ್ನುವುದು ಮರಾಠಿಯಲ್ಲಿ ಮುದ್ದಿನ ಹೆಸರು. ಕನ್ನಡದ ಮಕ್ಕಳಿಗೆ ಅದು ‘ಬಾಳು’ ಅಂತ ಕೇಳಿಸುತ್ತದೆ. ಕೇಳಿಸಲಿ ಬಿಡಿ, ಹೆಸರು ನೆನಪಿನಲ್ಲಿ ಉಳಿಯುತ್ತದೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಬಳಗದ ಮೂರು-ನಾಲ್ಕು ಜನ ಪಂಚಾಯಿತಿ ಗ್ರಂಥಾಲಯಗಳಲ್ಲಿ ಕೂತು ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಈ ಕತೆ ಹೇಳಿದೆವು. ಶಿಕ್ಷಕರು ಕೆಲವರು ಬಂದು ಹಿಂದೆ ಕೂತಿದ್ದರು. ಆಮೇಲೆ ಅವರೇ ಕೇಳಿದರು: ಇದನ್ನು ಬರೆದು ಕಳಿಸ್ರಿ, ನಾವೂ ತರಗತಿಯಲ್ಲಿ ಹೇಳ್ತೀವಿ ಅಂತ. ಹಾಗಾಗಿ ಈ ಬರಹ. ಕತೆಯ ಜೊತೆಗೆ, ಎಲ್ಲಿ ನಿಲ್ಲಬೇಕು, ಏನನ್ನು ಬಿಡಬಾರದು ಅನ್ನುವುದನ್ನೂ ಬರೆದಿದ್ದೇವೆ.

ತಿಂಗಳಿಗೆ 3 ರೂಪಾಯಿ

ಬಾಳೂ ಹುಟ್ಟಿದ್ದು ಚಾಂಭಾರ್ ಸಮುದಾಯದಲ್ಲಿ. ಚರ್ಮದ ಕೆಲಸ ಕುಲಕಸುಬು. ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯರು. ಅಸ್ಪೃಶ್ಯ ಅನ್ನುವ ಮಾತನ್ನು ನುಂಗಿಕೊಂಡು ‘ಬಡವ’ ಅಂತಷ್ಟೇ ಹೇಳುವವರಿದ್ದಾರೆ. ಹಾಗೆ ಮಾಡಬೇಡಿ. ಬಡವರು ಆಗ ಎಲ್ಲ ಜಾತಿಯಲ್ಲೂ ಇದ್ದರು. ಬಾಳೂ ದಾರಿಗೆ ಅಡ್ಡ ಬಂದದ್ದು ಬಡತನ ಒಂದೇ ಅಲ್ಲ.

ಅವನ ಮೊದಲ ಕೆಲಸ ಪುಣೆಯಲ್ಲಿ ಪಾರ್ಸಿಗಳ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಮೈದಾನ ಗುಡಿಸುವುದು, ಪಿಚ್ ಮೇಲೆ ರೋಲರ್ ಎಳೆಯುವುದು. ಸಂಬಳ ತಿಂಗಳಿಗೆ 3 ರೂಪಾಯಿ. ಆಗಾಗ ಕ್ಲಬ್ಬಿನವರಿಗೆ ಒಂದೆರಡು ಬಾಲ್ ಹಾಕುತ್ತಿದ್ದ. 1892ರ ಸುಮಾರಿಗೆ ಬಿಳಿಯರ ಪೂನಾ ಕ್ಲಬ್ಬಿಗೆ ಬಂದ. ಅಲ್ಲಿ 4 ರೂಪಾಯಿ. ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಗೆರೆ ಹಾಕುವುದು, ಟೆನಿಸ್ ಅಂಗಳಕ್ಕೆ ಬೇಕಾದ್ದು ಮಾಡುವುದು. ಅಲ್ಲಿನ ಟ್ರಾಸ್ ಅನ್ನುವ ಒಬ್ಬ ಇಂಗ್ಲಿಷಿನವನು ಅವನಿಗೆ ನೆಟ್ಟಿನಲ್ಲಿ ಬೌಲಿಂಗ್ ಮಾಡಲು ಹುರಿದುಂಬಿಸಿದ ಅಂತ ಇತಿಹಾಸಕಾರ ರಾಮಚಂದ್ರ ಗುಹಾ ಬರೆಯುತ್ತಾರೆ. ಬಾಳೂ ಬಗ್ಗೆ ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಗುಹಾ ಅವರು ಹಳೆಯ ಪತ್ರಿಕೆಗಳನ್ನೂ, ಬಾಳೂ ತಮ್ಮ ವಿಠ್ಠಲ ಮರಾಠಿಯಲ್ಲಿ ಬರೆದ ಆತ್ಮಕತೆಯನ್ನೂ ಹುಡುಕಿ ತೆಗೆದದ್ದರಿಂದ ಬಂದದ್ದು.

ಬಾಳೂ ಎಡಗೈ ಸ್ಪಿನ್ನರ್. ನಿಧಾನ ಬೌಲಿಂಗ್. ಕೈಯಿಂದ ಬಿಟ್ಟ ಬಾಲ್ ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತಿತ್ತು, ಬಿದ್ದ ಮೇಲೆ ಯಾವ ಕಡೆ ಹೊರಳುತ್ತದೆ ಅಂತ ಬ್ಯಾಟ್ಸ್‌ಮನ್‌ಗೆ ಅಂದಾಜು ಸಿಗುತ್ತಿರಲಿಲ್ಲ.

ಆ ಕ್ಲಬ್ಬಿನ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ.ಜಿ. ಗ್ರೇಗ್. ಇವನ ಬಗ್ಗೆ ಒಂದು ಮಾತಿದೆ. ಉಳಿದವರಿಗಿಂತ ಒಂದು ಗಂಟೆ ಮೊದಲೇ ಬಂದು ಬಾಳೂ ಎದುರು ಅಭ್ಯಾಸ ಮಾಡುತ್ತಿದ್ದನಂತೆ. ತನ್ನನ್ನು ಔಟ್ ಮಾಡಿದರೆ ಸಲಕ್ಕೆ ಎಂಟಾಣೆ ಕೊಡುತ್ತಿದ್ದನಂತೆ. ಇದು ಬಾಯಿಂದ ಬಾಯಿಗೆ ಬಂದ ಮಾತು, ಮಕ್ಕಳಿಗೂ ‘ಅಂತೆ’ ಸೇರಿಸಿಯೇ ಹೇಳಿ. ನಿಜವಾದ ಕತೆ ಹೇಳುತ್ತೇವೆ ಅಂದಮೇಲೆ ಯಾವುದು ದಾಖಲೆಯ ಮಾತು, ಯಾವುದು ಜನರ ಮಾತು ಅನ್ನುವ ಗೆರೆ ಹನ್ನೆರಡು ವರ್ಷದ ಮಗುವಿಗೂ ಕಾಣಬೇಕು. ಈ ಗೆರೆಯನ್ನು ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿಯುತ್ತಾರೆ. “ಹಂಗಾದ್ರ ಎಂಟಾಣೆ ಸುಳ್ಳೇನ್ರಿ?” ಅಂತ ಒಬ್ಬ ಕೇಳಿದ. ಸುಳ್ಳು ಅಂತಲ್ಲ, ಬರೆದಿಟ್ಟ ಲೆಕ್ಕ ಇಲ್ಲ ಅಂತ ಹೇಳಿದೆವು. ಒಪ್ಪಿಕೊಂಡ.

ಲೆಕ್ಕ ಅಂದಕೂಡಲೆ ನೆನಪಾಯಿತು. 16 ಆಣೆಗೆ ಒಂದು ರೂಪಾಯಿ ಅನ್ನುವುದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಅದನ್ನು ಹೇಳಿ, ಎಂಟಾಣೆಯಂತೆ ಎಷ್ಟು ಸಲ ಔಟ್ ಮಾಡಿದರೆ ತಿಂಗಳ ಸಂಬಳ ಆಗುತ್ತದೆ ಅಂತ ಕೇಳಿ. ಎಂಟು ಸಲ. ಇಡೀ ತಿಂಗಳು ರೋಲರ್ ಎಳೆದದ್ದಕ್ಕೂ ಎಂಟು ವಿಕೆಟ್ಟಿಗೂ ಒಂದೇ ಬೆಲೆ. ಇದನ್ನು ಮಕ್ಕಳೇ ಲೆಕ್ಕ ಹಾಕಿ ಹೇಳಿದರೆ ಅವರ ಮುಖ ನೋಡಬೇಕು.

ಇನ್ನೊಂದು ಸಂಗತಿ ಮಾತ್ರ ದಂತಕತೆಯಲ್ಲ. ಆ ಕ್ಲಬ್ಬಿನಲ್ಲಿ ಬಾಳೂ ಗಂಟೆಗಟ್ಟಲೆ, ವರ್ಷಗಟ್ಟಲೆ ಬೌಲಿಂಗ್ ಮಾಡಿದ. ಬ್ಯಾಟ್ ಹಿಡಿಯಲು ಒಮ್ಮೆಯೂ ಕೊಡಲಿಲ್ಲ. ಬ್ಯಾಟಿಂಗ್ ದೊರೆಗಳ ಕೆಲಸ, ಬೌಲಿಂಗ್ ಆಳಿನ ಕೆಲಸ ಅನ್ನುವುದು ಆ ಕಾಲದ ಇಂಗ್ಲಿಷ್ ಕ್ರಿಕೆಟ್ಟಿನಲ್ಲೂ ಇದ್ದ ಭಾವನೆ. ಹಳ್ಳಿ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಬ್ಯಾಟು ಯಾರದೋ ಅವನೇ ಮೊದಲು ಆಡುವುದು, ಉಳಿದವರು ಬಿಸಿಲಿನಲ್ಲಿ ಬಾಲ್ ಹೆಕ್ಕುವುದು ಅವರಿಗೆ ದಿನದ ಅನುಭವ.

‘ಲಗಾನ್’ ಸಿನಿಮಾ ನೋಡಿದವರಿಗೆ ಇಲ್ಲಿ ಕಚ್ರಾ ನೆನಪಾಗುತ್ತಾನೆ. ಆ ಹೋಲಿಕೆಯನ್ನು ನಾವು ಒಪ್ಪುವುದಿಲ್ಲ. ಸಿನಿಮಾದ ಕಚ್ರಾನ ಕೈ ಊನ, ಆ ಊನದಿಂದಲೇ ಬಾಲ್ ತಿರುಗುತ್ತದೆ, ಅಂದರೆ ಅದು ಅವನಿಗೆ ಸುಮ್ಮನೆ ಒದಗಿಬಂದದ್ದು. ಬಾಳೂ ಕೈಗೆ ಒದಗಿಬಂದದ್ದು ಏನೂ ಇರಲಿಲ್ಲ. ಬ್ಯಾಟ್ಸ್‌ಮನ್ನನ ಕಾಲು ಎಲ್ಲಿ ಬರುತ್ತದೆ, ಮಳೆ ಬಂದ ಮಾರನೇ ದಿನ ಪಿಚ್ ಹೇಗೆ ವರ್ತಿಸುತ್ತದೆ ಅನ್ನುವುದನ್ನು ಅದೇ ಪಿಚ್ಚನ್ನು ದಿನಾ ಗುಡಿಸಿದವನು ನೆಟ್ಟಿನಲ್ಲಿ ನಿಂತು ವರ್ಷಾನುಗಟ್ಟಲೆ ಕಲಿತದ್ದು. ಪವಾಡ ಅಂದುಬಿಟ್ಟರೆ ದುಡಿಮೆ ಮರೆಯಾಗುತ್ತದೆ.

ಪೆವಿಲಿಯನ್ ಹೊರಗೆ

ಪುಣೆಯ ಹಿಂದೂಗಳೂ ಒಂದು ಕ್ರಿಕೆಟ್ ಕ್ಲಬ್ ಕಟ್ಟಿಕೊಂಡಿದ್ದರು. ಬಿಳಿಯರನ್ನು ಸೋಲಿಸಬೇಕು ಅನ್ನುವುದು ಅವರ ಆಸೆ. ಬಿಳಿಯರ ಬ್ಯಾಟ್ಸ್‌ಮನ್ನರ ಒಳಗುಟ್ಟು ಚೆನ್ನಾಗಿ ಗೊತ್ತಿದ್ದವನು ಬಾಳೂ ಒಬ್ಬನೇ. ಕರೆಯಬೇಕೋ ಬೇಡವೋ ಅಂತ ಜಗಳವೇ ಆಯಿತು. ಕೆಲವರು ಬೇಡವೇ ಬೇಡ ಅಂದರು. ಕೊನೆಗೆ ಗೆಲ್ಲುವ ಆಸೆ ಮೇಲಾಯಿತು, ಕರೆದರು.

ಕರೆದದ್ದು ಆಡಲು ಮಾತ್ರ. ಮೈದಾನದಲ್ಲಿ ಎಲ್ಲರೂ ಅದೇ ಬಾಲ್ ಮುಟ್ಟುತ್ತಿದ್ದರು. ಚಹಾ ವಿರಾಮಕ್ಕೆ ಉಳಿದವರು ಪೆವಿಲಿಯನ್ ಒಳಗೆ ಹೋದರೆ ಬಾಳೂಗೆ ಹೊರಗೆ. ಅವರಿಗೆ ಪಿಂಗಾಣಿ ಕಪ್ಪು, ಇವನಿಗೆ ಕುಡಿದು ಬಿಸಾಡುವ ಮಣ್ಣಿನ ಕಪ್ಪು. ಮುಖ ತೊಳೆಯಲು ನೀರು ಬೇಕಿದ್ದರೆ ಅವನ ಸಮುದಾಯದಂಥದ್ದೇ ಸಮುದಾಯದ ಆಳು ದೂರ ಕರೆದುಕೊಂಡು ಹೋಗಿ ಹಾಕಬೇಕು. ಊಟವೂ ಬೇರೆ ತಟ್ಟೆಯಲ್ಲಿ, ಬೇರೆ ಜಾಗದಲ್ಲಿ.

ಕತೆ ಹೇಳುವವರು ಇಲ್ಲಿ ಒಂದು ನಿಮಿಷ ಸುಮ್ಮನಿರಿ. ವಿವರಣೆ ಬೇಡ. ನಾವು ಸುಮ್ಮನಿದ್ದಾಗ ಏಳನೇ ತರಗತಿಯ ಒಬ್ಬ ಹುಡುಗಿ ಕೇಳಿದಳು:

“ಸರ್, ಬಾಲ್ ಎದರಲೆ ಮಾಡ್ತಾರ್ರಿ?”

ಚರ್ಮದಲ್ಲಿ ಅಂದೆವು.

“ಅಂದ್ರ ಚರ್ಮ ಮುಟ್ಟೂದು ನಡೀತದ, ಅದನ್ನ ಹೊಲಿಯೋರನ್ನ ಮುಟ್ಟೂದು ನಡ್ಯಂಗಿಲ್ಲ?”

ನಾವು ಐದಾರು ವಾಕ್ಯದಲ್ಲಿ ಹೇಳಬೇಕು ಅಂದುಕೊಂಡದ್ದನ್ನು ಅವಳು ಒಂದರಲ್ಲಿ ಹೇಳಿದಳು. ಅವಳ ಮನೆಯ ವಿಷಯ ನಾವು ಕೇಳಲಿಲ್ಲ. ಕೇಳಬಾರದು ಕೂಡ.

ಇದೇ ಈ ಕತೆಯನ್ನು ತರಗತಿಯಲ್ಲಿ ಹೇಳುವಾಗ ಎದುರಾಗುವ ಕಷ್ಟ. ನಮ್ಮ ಹಳ್ಳಿಗಳಲ್ಲಿ ಒಂದೇ ತರಗತಿಯಲ್ಲಿ ಎಲ್ಲ ಓಣಿಯ ಮಕ್ಕಳೂ ಕೂತಿರುತ್ತಾರೆ. ಚಹಾದಂಗಡಿಯಲ್ಲಿ ಬೇರೆ ಲೋಟ ಇಡುವುದನ್ನು ಕಣ್ಣಾರೆ ಕಂಡವರೂ ಇರುತ್ತಾರೆ, ಆ ಲೋಟದಲ್ಲಿ ಕುಡಿದವರ ಮನೆಯ ಮಕ್ಕಳೂ ಇರುತ್ತಾರೆ, ಇಟ್ಟವರ ಮನೆಯವರೂ ಇರುತ್ತಾರೆ. “ನಿಮ್ಮವರಂತೆ” ಅಂತ ಯಾವ ಮಗುವಿನ ಕಡೆಗೂ ಕೈ ತೋರಿಸಬೇಡಿ, ಕಣ್ಣು ಕೂಡ ಹೊರಳಿಸಬೇಡಿ. ಅಯ್ಯೋ ಪಾಪ ಅನ್ನುವ ದನಿಯೂ ಬೇಡ. ಬಾಳೂ ಪಾಪದವನಲ್ಲ, ಅವನ ಬೌಲಿಂಗ್ ಎದುರಿಸಿದವರು ಪಾಪದವರು! ಅವನ ವಿಕೆಟ್ಟಿನ ಲೆಕ್ಕ ಮೊದಲು ಹೇಳಿ, ಕಪ್ಪಿನ ವಿಷಯ ಆಮೇಲೆ ಬರಲಿ. ಮಕ್ಕಳ ಮನಸ್ಸಿನಲ್ಲಿ ಅವನು ಮೊದಲು ದೊಡ್ಡ ಆಟಗಾರನಾಗಬೇಕು. ಆಗ, ಇಂಥವನಿಗೆ ಹೀಗೆ ಮಾಡಿದರಾ ಅನ್ನುವ ಸಿಟ್ಟು ತಾನಾಗಿ ಬರುತ್ತದೆ.

ಬಾಳೂ ಬಂದ ಮೇಲೆ ಪುಣೆಯ ಹಿಂದೂಗಳು ಬಿಳಿಯರ ತಂಡವನ್ನು ಸೋಲಿಸಿದರು. ಸಾತಾರಾದ ಬಿಳಿಯರ ಜಿಮ್‌ಖಾನಾದಲ್ಲಿ ಬಾಳೂ 7 ವಿಕೆಟ್ ಕಿತ್ತ. ಅವನ ಸ್ಪಿನ್ ನಡೆಯದಿರಲಿ ಅಂತ ಅಲ್ಲಿನವರು ವಾರಗಟ್ಟಲೆ ಪಿಚ್ ಮೇಲೆ ರೋಲರ್ ಎಳೆಸಿದ್ದರು. ರೋಲರ್ ಎಳೆದೇ ಬೆಳೆದವನ ಮುಂದೆ ಆ ಉಪಾಯ ಏನು ನಡೆದೀತು? ಆಮೇಲೆ ನಡೆದ ಸನ್ಮಾನದಲ್ಲಿ ಮಹಾದೇವ ಗೋವಿಂದ ರಾನಡೆಯವರು, ಅವನ ಜೊತೆ ಆಡಬಹುದಾದರೆ ಕೂತು ಉಣ್ಣಲೂಬಹುದು ಎಂಬ ಅರ್ಥದ ಮಾತು ಆಡಿದರು ಅಂತ ಗುಹಾ ಬರೆಯುತ್ತಾರೆ.

1906ರ ಫೆಬ್ರುವರಿ

1896ರಲ್ಲಿ ಪುಣೆಗೆ ಪ್ಲೇಗ್ ಬಂತು. ಬಾಳೂ ಮುಂಬೈಗೆ ಹೋದ. ಅಲ್ಲಿ ಹಿಂದೂ ಜಿಮ್‌ಖಾನಾ ಸೇರುವಾಗಲೂ ಕೆಲವು ಸದಸ್ಯರ ತಕರಾರು ಇತ್ತು. ನಾಯಕ ಕೀರ್ತಿಕರ್ ಪಟ್ಟು ಹಿಡಿದು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ ಕೆಲಸ, ಅವರ ತಂಡಕ್ಕೂ ಆಟ.

ಆಗಿನ ಮುಂಬೈ ಕ್ರಿಕೆಟ್ ಈಗಿನಂತೆ ಊರೂರಿನ ತಂಡಗಳದ್ದಲ್ಲ. ಬಿಳಿಯರದ್ದೊಂದು ತಂಡ, ಪಾರ್ಸಿಗಳದ್ದೊಂದು, ಹಿಂದೂಗಳದ್ದೊಂದು, 1912ರಿಂದ ಮುಸ್ಲಿಮರದ್ದೊಂದು. ಧರ್ಮಕ್ಕೊಂದು ತಂಡ ಅನ್ನುವುದು ಈಗಿನ ಮಕ್ಕಳಿಗೆ ವಿಚಿತ್ರ ಅನಿಸುತ್ತದೆ. ಆಗಲೂ ವಿಚಿತ್ರವೇ. ಮುಂದೆ ಗಾಂಧೀಜಿಯವರೂ ಇದನ್ನು ವಿರೋಧಿಸಿದರು. ಆದರೆ ಬಾಳೂ ಕಾಲದಲ್ಲಿ ದೊಡ್ಡ ಕ್ರಿಕೆಟ್ ಅಂದರೆ ಇದೇ ಆಗಿತ್ತು.

1906ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ಹಿಂದೂಗಳು ಮತ್ತು ಯುರೋಪಿಯನ್ನರ ನಡುವೆ ಪಂದ್ಯ. ಬಂಗಾಳದ ವಿಭಜನೆ ಆಗಿ ನಾಲ್ಕು ತಿಂಗಳೂ ಆಗಿರಲಿಲ್ಲ, ಸ್ವದೇಶಿ ಚಳವಳಿಯ ಬಿಸಿ ಇತ್ತು. ಹಿಂದೂ ತಂಡದಲ್ಲಿ ಬಾಳೂ ಜೊತೆ ತಮ್ಮ ಶಿವರಾಮನೂ ಇದ್ದ. ಇಲ್ಲಿ ಸ್ಕೋರನ್ನು ಬೋರ್ಡಿನ ಮೇಲೆ ಬರೆಯಿರಿ. ಹಿಂದೂಗಳು 242. ಯುರೋಪಿಯನ್ನರು 191. ಎರಡನೇ ಇನಿಂಗ್ಸಿನಲ್ಲಿ ಹಿಂದೂಗಳು 160. ಹಾಗಾದರೆ ಬಿಳಿಯರು ಗೆಲ್ಲಲು ಎಷ್ಟು ಬೇಕು? ಮಕ್ಕಳು ಕೂಡಿ ಕಳೆದು ಹೇಳಲಿ: 212. ಆದದ್ದು 102. ಸೋಲು 109 ರನ್ನಿನಿಂದ.

(212ರಲ್ಲಿ 102 ಹೋದರೆ 110 ಅಲ್ಲವೇ ಅಂತ ಒಬ್ಬರಾದರೂ ಕೈ ಎತ್ತುತ್ತಾರೆ. ಸಮ ಆಗುವುದಕ್ಕೇ 211 ಬೇಕಿತ್ತು, ಗೆಲ್ಲಲು ಇನ್ನೊಂದು. ಸಮಕ್ಕೆ ಎಷ್ಟು ಕಡಿಮೆ ಬಿತ್ತೋ ಅದೇ ಗೆಲುವಿನ ಅಂತರ. ಕೈ ಎತ್ತಿದ ಮಗುವಿಗೆ ಶಹಬ್ಬಾಸ್ ಅನ್ನಿ.)

ಬಾಳೂ ಎರಡೂ ಇನಿಂಗ್ಸ್ ಸೇರಿ 8 ವಿಕೆಟ್. ‘ಇಂಡಿಯನ್ ಸೋಷಿಯಲ್ ರಿಫಾರ್ಮರ್’ ಪತ್ರಿಕೆ ಈ ಗೆಲುವಿನ ಬಗ್ಗೆ ಬರೆದಾಗ ರನ್ನು ವಿಕೆಟ್ಟಿಗಿಂತ ಈ ಅಣ್ಣತಮ್ಮಂದಿರನ್ನು ತಂಡ ಸೇರಿಸಿಕೊಂಡದ್ದನ್ನೇ ದೊಡ್ಡದಾಗಿ ಕಂಡಿತು. ಮೈದಾನದಲ್ಲಿ ಆದದ್ದು ಸಮಾಜದಲ್ಲೂ, ರಾಜಕೀಯದಲ್ಲೂ, ಶಿಕ್ಷಣದಲ್ಲೂ ಆಗಲಿ ಅನ್ನುವುದು ಅದರ ಆಶಯ. ಮರುವರ್ಷವೂ ಹಿಂದೂಗಳೇ ಗೆದ್ದರು.

ಸಾಧಾರಣ ಕ್ರೀಡಾ ಕತೆಯಾಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಶಾಲೆಯಲ್ಲಿ ಹೇಳುವವರು ಇಲ್ಲಿಗೇ ಮುಗಿಸುತ್ತಾರೆ ಕೂಡ. ನಮ್ಮ ಪ್ರಕಾರ ಅರ್ಧ ಕತೆ ಇನ್ನೂ ಬಾಕಿ ಇದೆ.

ಇಂಗ್ಲೆಂಡಿನಲ್ಲಿ 114

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪಿಂದರ್ ಸಿಂಗ್ ನಾಯಕತ್ವದಲ್ಲಿ ಒಂದು ಭಾರತೀಯ ತಂಡ ಇಂಗ್ಲೆಂಡಿಗೆ ಹೋಯಿತು. ಬೇರೆ ಬೇರೆ ಧರ್ಮ, ಬೇರೆ ಬೇರೆ ಊರಿನವರು ಸೇರಿದ್ದ ತಂಡ. ಮೈಸೂರು ಸೀಮೆಯ ಬಿ. ಜಯರಾಮ್ ಕೂಡ ಅದರಲ್ಲಿದ್ದರು. ಬಾಳೂಗೆ ಆಗ ಮೂವತ್ತೈದರ ಆಸುಪಾಸು, ಬೌಲಿಂಗ್ ಮಾಡಿ ಮಾಡಿ ಭುಜ ನೋವು ಬೇರೆ.

ತಂಡ 23 ಪಂದ್ಯ ಆಡಿ 6 ಗೆದ್ದಿತು, 15 ಸೋತಿತು. ಒಟ್ಟಾರೆ ಸೋಲಿನ ಪ್ರವಾಸವೇ. ಮಹಾರಾಜರಿಗೆ ಐದನೇ ಜಾರ್ಜ್ ದೊರೆಯ ಪಟ್ಟಾಭಿಷೇಕದ ಕೂಟಗಳೇ ಹೆಚ್ಚಾಗಿ, ಮೈದಾನಕ್ಕೆ ಬಂದದ್ದು ಕಡಿಮೆ. ಬಾಳೂ ಮಾತ್ರ 114 ವಿಕೆಟ್ ತೆಗೆದ. ವಿಕೆಟ್ಟಿಗೆ ಕೊಟ್ಟದ್ದು ಸರಾಸರಿ 19 ರನ್ನಿಗೂ ಕಡಿಮೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡದ ಒಂದೇ ಇನಿಂಗ್ಸಿನಲ್ಲಿ 8 ವಿಕೆಟ್. ಲೆಸ್ಟರ್‌ಶೈರ್ ಕೌಂಟಿಯನ್ನು ಸೋಲಿಸಿದ ಪಂದ್ಯದಲ್ಲಿ 11. ಸೋಮರ್ಸೆಟ್ ವಿರುದ್ಧ ಒಂದೇ ವಿಕೆಟ್ ಉಳಿಸಿಕೊಂಡು ಗೆದ್ದಾಗ ತಮ್ಮ ಶಿವರಾಮನ ಶತಕ.

ಪುಣೆಯಲ್ಲಿ ಬ್ಯಾಟ್ ಹಿಡಿಯಲು ಕೊಡದವರ ದೇಶಕ್ಕೇ ಹೋಗಿ, ಅವರ ಕೌಂಟಿ ತಂಡಗಳನ್ನು ಉರುಳಿಸಿ ಬಂದ. ಮುಂಬೈಗೆ ಮರಳಿದಾಗ ಅವನ ಸಮುದಾಯದವರು ಸನ್ಮಾನ ಮಾಡಿದರು. ಮಾನಪತ್ರ ಸಿದ್ಧಪಡಿಸಿದವರು ಆಗಿನ್ನೂ ಕಾಲೇಜು ಓದುತ್ತಿದ್ದ ಒಬ್ಬ ತರುಣ, ಹೆಸರು ಭೀಮರಾವ್ ಅಂಬೇಡ್ಕರ್. ಇದನ್ನೂ ಗುಹಾ ಅವರೇ ದಾಖಲಿಸಿದ್ದಾರೆ. ಆ ಹೊತ್ತಿಗೆ ದಲಿತರಲ್ಲಿ ದೇಶಕ್ಕೆಲ್ಲ ಗೊತ್ತಿದ್ದ ಹೆಸರು ಅಂಬೇಡ್ಕರರದ್ದಲ್ಲ, ಬಾಳೂ ಅವರದ್ದು.

(ಇಲ್ಲಿಯವರೆಗೆ ಬಾಳೂನನ್ನು ‘ಅವನು’ ಅಂದೆವು, ಇನ್ನು ಮುಂದೆ ‘ಅವರು’. ಮಕ್ಕಳಿಗೆ ಹೇಳುವಾಗಲೂ ನಾವು ಹೀಗೇ ಮಾಡಿದೆವು. ಯಾಕೆ ಬದಲಾಯಿಸಿದಿರಿ ಅಂತ ಒಂದು ಕಡೆ ಕೇಳಿದರು. ಯಾವಾಗ ಬದಲಾಯಿಸಬೇಕಿತ್ತು ಅಂತ ಅವರನ್ನೇ ಕೇಳಿದೆವು. “ಸಾತಾರಾದಾಗs ಬದಲ್ ಮಾಡಬೇಕಿತ್ತು” ಅಂದರು.)

ನಾಯಕ ಯಾರು?

ಇನ್ನು ಮುಂದಿನದು ಈ ಕತೆಯ ಗಟ್ಟಿ ಭಾಗ. ಹಿಂದೂ ತಂಡದಲ್ಲಿ ಅತ್ಯಂತ ಅನುಭವಿ, ಅತ್ಯಂತ ಹೆಚ್ಚು ಪಂದ್ಯ ಗೆದ್ದುಕೊಟ್ಟ ಆಟಗಾರ ಬಾಳೂ. ಹಾಗಾದರೆ ನಾಯಕನೂ ಅವರೇ ಆಗಬೇಕಲ್ಲವೇ? ವರ್ಷ ವರ್ಷವೂ ಈ ಮಾತು ಎದ್ದಿತು, ಪತ್ರಿಕೆಗಳಲ್ಲೂ ಚರ್ಚೆಯಾಯಿತು. ವರ್ಷ ವರ್ಷವೂ ಬೇರೆ ಯಾರಿಗೋ ಹೋಯಿತು. 1913ರಲ್ಲಿ ಎಂ.ಡಿ. ಪೈ ನಾಯಕರಾದರು. ಪೈ ತಮ್ಮ ಸನ್ಮಾನ ಸಭೆಯಲ್ಲೇ ಎದ್ದು, ಈ ಗೌರವ ನನಗಿಂತ ಹಿರಿಯರಾದ ಬಾಳೂಗೆ ಸಲ್ಲಬೇಕಿತ್ತು ಎಂದರು. ಹೇಳಿದ್ದು ದೊಡ್ಡತನ. ಆದರೂ ನಾಯಕ ಪೈ ಅವರೇ.

1920. ಪೈ ಅವರಿಗೆ ಮೊದಲ ಪಂದ್ಯ ಆಡಲು ಆಗಲಿಲ್ಲ. ಈಗಲಾದರೂ ಪಾಲವಣಕರ್ ಮನೆಗೆ ನಾಯಕತ್ವ ಬರುತ್ತದೆ ಅಂದುಕೊಂಡವರಿದ್ದರು. ಆಯ್ಕೆ ಸಮಿತಿ ಬಾಳೂ ಅವರನ್ನು ತಂಡದಿಂದಲೇ ಕೈಬಿಟ್ಟಿತು. ಅವರ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ತಂಡದಲ್ಲಿದ್ದರು, ಇಬ್ಬರೂ ಅನುಭವಿಗಳು. ಅವರನ್ನೂ ಬಿಟ್ಟು, ಅವರಿಗಿಂತ ಕಿರಿಯರಾದ ಪುಣೆಯ ಡಿ.ಬಿ. ದೇವಧರ್ ಅವರನ್ನು ನಾಯಕ ಮಾಡಿದರು. ದೇವಧರ್ ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಮುಂದೆ ಅವರ ಹೆಸರಿನಲ್ಲಿ ದೇವಧರ್ ಟ್ರೋಫಿ ಬಂತು. ಪ್ರಶ್ನೆ ಅವರದ್ದಲ್ಲ, ಆರಿಸಿದವರದ್ದು.

ಶಿವರಾಮ, ವಿಠ್ಠಲ ಇಬ್ಬರೂ ತಂಡದಿಂದ ಹಿಂದೆ ಸರಿದರು. ಸುಮ್ಮನೆ ಸರಿಯಲಿಲ್ಲ, ಪತ್ರಿಕೆಗೆ ಬಹಿರಂಗ ಪತ್ರ ಬರೆದರು. ತಮ್ಮನ್ನು ಕಡೆಗಣಿಸಿದ್ದು ಆಟದ ಕಾರಣಕ್ಕಲ್ಲ, ಜಾತಿಯ ಕಾರಣಕ್ಕೆ ಅನ್ನುವುದನ್ನು ಮುಚ್ಚುಮರೆ ಇಲ್ಲದೆ ಅದರಲ್ಲಿ ಹೇಳಿದರು. ಮುಂಬೈಯಲ್ಲಿ ಗದ್ದಲವಾಯಿತು. ಜನ ಈ ಅಣ್ಣತಮ್ಮಂದಿರ ಪರ ನಿಂತರು.

ಪಾರ್ಸಿಗಳ ವಿರುದ್ಧದ ಫೈನಲ್ ಹೊತ್ತಿಗೆ ಜಿಮ್‌ಖಾನಾ ಬಗ್ಗಿತು. ಪೈ ನಾಯಕರಾಗಿ ಮರಳಿದರು, ಬಾಳೂ ಉಪನಾಯಕ, ತಮ್ಮಂದಿರೂ ವಾಪಸ್. ಪಂದ್ಯದ ನಡುವೆ ಪೈ ಮೈದಾನದಿಂದ ಹೊರಗೆ ಹೋದಾಗ ಸ್ವಲ್ಪ ಹೊತ್ತು ಬಾಳೂ ಕೈಗೆ ನಾಯಕತ್ವ ಬಂತು. ಅವರಿಗೆ ಸಿಕ್ಕಿದ್ದು ಅಷ್ಟೇ. ಆಗ ಅವರ ವಯಸ್ಸು ನಲವತ್ತೈದರ ಹತ್ತಿರ.

1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು. ಫೈನಲ್ಲಿನಲ್ಲಿ ಯುರೋಪಿಯನ್ನರನ್ನು ಸೋಲಿಸಿದಾಗ ಮೇಲ್ಜಾತಿಯ ಅಭಿಮಾನಿಗಳೇ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣನ ಜೊತೆ ಕೂತು ಚಹಾ ಕುಡಿಯಲು ಒಲ್ಲೆ ಅಂದ ಕಾಲದಿಂದ ತಮ್ಮನನ್ನು ಹೊತ್ತು ಕುಣಿಯುವ ಕಾಲಕ್ಕೆ ಮೂವತ್ತು ವರ್ಷವೂ ಹಿಡಿದಿರಲಿಲ್ಲ.

ಹಾಗಾದರೆ ಗೆದ್ದವರು ಯಾರು? ಬಾಳೂ ಒಬ್ಬರ ಕತೆ ಅಂತ ಹೇಳಿದರೆ ಇದು ಅರ್ಧ ಸೋಲು. ಪಾಲವಣಕರ್ ಅಣ್ಣತಮ್ಮಂದಿರ ಕತೆ ಅಂತ ಹೇಳಿದರೆ ಬೇರೆಯದೇ ಆಕಾರ ಬರುತ್ತದೆ. ಕಷ್ಟಪಟ್ಟರೆ ಫಲ ಸಿಗುತ್ತದೆ ಅನ್ನುವ ಪಾಠ ಇದರಲ್ಲಿ ಹುಡುಕಲು ಹೋದರೆ ಸಿಗುವುದಿಲ್ಲ, ಸಿಗಿಸಲೂ ಬಾರದು. ಬಾಳೂ ಅವರಷ್ಟು ಕಷ್ಟಪಟ್ಟವರು ಯಾರಿದ್ದಾರೆ? ಇಪ್ಪತ್ತು ವರ್ಷ ವಿಕೆಟ್ ತೆಗೆದದ್ದು ಮಾಡಲಾರದ್ದನ್ನು ತಮ್ಮಂದಿರು ಒಂದು ಪತ್ರ ಬರೆದು, ಆಡುವುದಿಲ್ಲ ಅಂದು ಮಾಡಿದರು. ಆ ವಿಕೆಟ್ಟುಗಳು ಇಲ್ಲದಿದ್ದರೆ ಆ ಪತ್ರಕ್ಕೆ ತೂಕ ಇರುತ್ತಿರಲಿಲ್ಲ ಅನ್ನುವುದೂ ಅಷ್ಟೇ ನಿಜ.

ತರಗತಿಯಲ್ಲಿ ಇಲ್ಲಿ ಒಂದು ಕೆಲಸ ಕೊಡಬಹುದು. ಶಿವರಾಮ, ವಿಠ್ಠಲರ ಜಾಗದಲ್ಲಿ ನೀವಿದ್ದರೆ ಆ ಪತ್ರ ಹೇಗೆ ಬರೆಯುತ್ತಿದ್ದಿರಿ? ಒಂದು ಪುಟ ಸಾಕು. ನಾವು ಮಾಡಿಸಿದಾಗ ಅರ್ಧಕ್ಕರ್ಧ ಮಕ್ಕಳು ‘ರಜೆ ಕೋರಿ ಅರ್ಜಿ’ಯ ಧಾಟಿಯಲ್ಲೇ ಬರೆದರು: ಮಾನ್ಯರೇ, ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಮ್ಮನ್ನು ತಂಡದಿಂದ ಬಿಡಬೇಕಾಗಿ ವಿನಂತಿ. ನಗು ಬಂತು. ಒಬ್ಬ ಹುಡುಗ ಮಾತ್ರ ಒಂದೇ ಸಾಲು ಬರೆದಿದ್ದ: ನಮ್ಮಣ್ಣ ಇಲ್ಲದ ತಂಡದಾಗ ನಾವು ಇರಂಗಿಲ್ಲ.

ಎಂಟನೆಯವರಿಗೆ ಉಳಿಸಿಕೊಳ್ಳುವ ಭಾಗ

ಕೊನೆಯ ತುಂಡು ಆರನೆಯವರಿಗೆ ಭಾರ. ಎಂಟನೆಯವರಿಗೆ ಹೇಳಿ, ಸಮಾಜ ವಿಜ್ಞಾನದ ಪೀರಿಯಡ್ಡಿನಲ್ಲಿ.

ಆಟ ಬಿಟ್ಟ ಮೇಲೆ ಬಾಳೂ ರಾಜಕೀಯಕ್ಕೆ ಬಂದರು. 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಕು ಅಂತ ಅಂಬೇಡ್ಕರ್, ಬೇಡ ಅಂತ ಯರವಡಾ ಜೈಲಿನಲ್ಲಿ ಗಾಂಧೀಜಿಯ ಉಪವಾಸ. ಅಂಬೇಡ್ಕರರನ್ನು ಒಪ್ಪಿಸಲು ಹೋದವರಲ್ಲಿ ಬಾಳೂ ಒಬ್ಬರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರ ಪಟ್ಟಿಯಲ್ಲೂ ಅವರ ಹೆಸರಿದೆ. 1937ರ ಮುಂಬೈ ಶಾಸನಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರರ ಎದುರೇ ನಿಂತರು. ಹಿಂದೆ ತಮಗೆ ಮಾನಪತ್ರ ಬರೆದ ಹುಡುಗನ ಎದುರು. ಅಂಬೇಡ್ಕರರಿಗೆ 13,245 ಮತ, ಬಾಳೂಗೆ 11,225.

ಈ ಭಾಗವನ್ನು ಬಿಟ್ಟುಬಿಡಿ, ಮಕ್ಕಳಿಗೆ ಗೊಂದಲ ಆಗುತ್ತದೆ ಅಂತ ಹೇಳಿದ ಹಿರಿಯರಿದ್ದಾರೆ. ಒಬ್ಬರನ್ನು ದೊಡ್ಡವರು ಮಾಡಲು ಇನ್ನೊಬ್ಬರನ್ನು ಸಣ್ಣವರು ಮಾಡಬೇಕಾಗುತ್ತದೆ ಅನ್ನುವುದು ಅವರ ಹೆದರಿಕೆ. ನಮಗೆ ಹಾಗೆ ಅನಿಸುವುದಿಲ್ಲ. ಒಂದೇ ಗಾಯವನ್ನು ಉಂಡ ಇಬ್ಬರು ಅದಕ್ಕೆ ಬೇರೆ ಬೇರೆ ಮದ್ದು ಹುಡುಕಿದರು. ಬಾಳೂಗೆ ಒಳಗಿದ್ದುಕೊಂಡೇ ಬಾಗಿಲು ತೆರೆಸಬಹುದು ಅನ್ನುವ ನಂಬಿಕೆ, ಅವರ ಆಟದ ಬದುಕು ಕಲಿಸಿದ್ದೂ ಅದನ್ನೇ. ಅಂಬೇಡ್ಕರರಿಗೆ ಆ ಬಾಗಿಲಿನ ಮೇಲೆಯೇ ನಂಬಿಕೆ ಹೋಗಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಇಷ್ಟು ಅರ್ಥವಾಗುತ್ತದೆ. ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವುದನ್ನು ನೋಡಿದವರು ಅವರು.

ಬಾಳೂ 1955ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು. 33 ಪ್ರಥಮ ದರ್ಜೆ ಪಂದ್ಯ, 179 ವಿಕೆಟ್. ಭಾರತ ಮೊದಲ ಟೆಸ್ಟ್ ಪಂದ್ಯ ಆಡಿದ್ದು 1932ರಲ್ಲಿ, ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಹಾಗಾಗಿ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರು ಸಿಗುವುದಿಲ್ಲ.

ಕತೆ ಮುಗಿಸಿ ಚಾಪೆ ಮಡಚುತ್ತಿದ್ದಾಗ ಎಂಟನೆಯ ಹುಡುಗರಿಬ್ಬರು ಇನ್ನೂ ಬಾಗಿಲಲ್ಲೇ ನಿಂತು ವಾದ ಮಾಡುತ್ತಿದ್ದರು. ಅವತ್ತು ತಮಗೆ ಓಟು ಇದ್ದಿದ್ದರೆ ಯಾರಿಗೆ ಹಾಕುತ್ತಿದ್ದೆವು ಅಂತ. ಒಬ್ಬ ಅಂಬೇಡ್ಕರರಿಗೆ ಅಂದ, ಅನುಮಾನವೇ ಇಲ್ಲದೆ. ಇನ್ನೊಬ್ಬ ಬಹಳ ಹೊತ್ತು ಯೋಚಿಸಿ, “ಓಟು ಅಂಬೇಡ್ಕರಗ, ಆದ್ರ ಕ್ಯಾಪ್ಟನ್ ಬಾಳೂ” ಅಂದ.